ಮಾವನ ಪಿಸ್ತೂಲಿಗೆ ಕೆಂಪು ಚುಕ್ಕೆ

ನನ್ನ ಇಡೀ ಆಯಸ್ಸಿನಲ್ಲಿ ಪಿಸ್ತೂಲು ಇಟ್ಟುಕೊಂಡು ಬಸ್ಸು ಹತ್ತಿದ್ದು ಒಂದೇ ಒಂದು ಸಲ. ಹೌಹಾರಬೇಡಿ. ಆಗ ನಾನು ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕ ಬರೆದುಕೊಳ್ಳುವ ಗುಮಾಸ್ತ. ಮನೆಯಲ್ಲಿ ಜಿರಳೆ ಕಂಡರೆ ಹೆಂಡತಿಯನ್ನು ಕೂಗಿ ಕರೆಯುವಂಥ ಶೂರ. ಆ ದಿನ ಡ್ರೈವರು ಪಿಸ್ತೂಲಿದ್ದ ಚೀಲಕ್ಕೆ ತನ್ನ ಪಕ್ಕದಲ್ಲೇ ಜಾಗ ಕೊಟ್ಟ, ನನಗೆ ಮಾತ್ರ ಪೆನುಕೊಂಡದವರೆಗೂ ನಿಂತೇ ಪ್ರಯಾಣ. ಚೀಲಕ್ಕೆ ಸಿಕ್ಕ ಮರ್ಯಾದೆ ನೋಡಿ ನಾನು ಒಳಗೊಳಗೇ ಹಿಗ್ಗಿದೆ. ಆ ಮರ್ಯಾದೆಯಿಂದ ಆದ ಅನಾಹುತವನ್ನು ಹೇಳುವ ಮೊದಲು ಪಿಸ್ತೂಲಿನ ಪೂರ್ವಾಪರವನ್ನು ಸ್ವಲ್ಪ ಹೇಳಬೇಕು.

ಅದು ಗಾಳಿ ಪಿಸ್ತೂಲು. ನಳಿಗೆಯನ್ನು ಹಿಡಿದು ಬಲವಾಗಿ ಬಗ್ಗಿಸಿದರೆ ಒಳಗಿನ ಸ್ಪ್ರಿಂಗು ಬಿಗಿದುಕೊಳ್ಳುತ್ತದೆ. ಕೊತ್ತಂಬರಿ ಕಾಳಿನಷ್ಟು ಸೀಸದ ಗುಂಡನ್ನು ಇಟ್ಟು, ನಳಿಗೆಯನ್ನು ಮೊದಲಿನಂತೆ ಮಾಡಿ ಬೆರಳಿನಡಿಯ ಕುದುರೆ ಎಳೆದರೆ ‘ಟಪ್’ ಎನ್ನುತ್ತದೆ, ಬಲೂನು ‘ಢಬ್’ ಎನ್ನುತ್ತದೆ. ಅದರ ಪರಾಕ್ರಮ ಅಷ್ಟೇ. ಅದರ ಒಡೆಯ ನನ್ನ ಸೋದರಮಾವ, ಕಲ್ಯಾಣದುರ್ಗದ ಒಂದು ಹೈಸ್ಕೂಲಿನ ಡ್ರಿಲ್ ಮೇಷ್ಟರು. ಎತ್ತರದ ಆಳು, ಸೀಟಿಯ ದಾರವನ್ನು ಜನಿವಾರಕ್ಕಿಂತ ಭಕ್ತಿಯಿಂದ ಧರಿಸಿದವನು.

ಆ ಪಿಸ್ತೂಲು ಅವನಿಗೆ ಬಂದದ್ದು ಮದುವೆಯಲ್ಲಿ. ನಮ್ಮ ಕಡೆ ತೆಲುಗು ಪದ್ಧತಿಯೂ ಕನ್ನಡ ಪದ್ಧತಿಯೂ ಸಾರು ಮಜ್ಜಿಗೆ ಕಲಸಿದ ಹಾಗೆ ಕಲೆತುಹೋಗಿವೆ. ಮದುವೆಯಲ್ಲಿ ‘ಅಲಕ’ ಅಂತ ಒಂದುಂಟು: ಮದುಮಗ ಮಂಚದ ಮೇಲೆ ಮುಖ ಊದಿಸಿಕೊಂಡು ಕೂರಬೇಕು, ಹೆಣ್ಣಿನ ಕಡೆಯವರು ಬಂದು “ಏನು ಬೇಕಪ್ಪ?” ಎಂದು ರಮಿಸಬೇಕು, ಅವನು ಕೇಳಿದ್ದನ್ನು ಕೊಟ್ಟು ಎಬ್ಬಿಸಬೇಕು. ಎಲ್ಲ ಅಳಿಯಂದಿರೂ ಗಡಿಯಾರ ಕೇಳುತ್ತಿದ್ದರು, ಸೈಕಲ್ಲು ಕೇಳುತ್ತಿದ್ದರು. ನಮ್ಮ ಮಾವ ಗಾಳಿ ಪಿಸ್ತೂಲು ಕೇಳಿದ. ಅತ್ತೆಯ ತಂದೆ ಹೇಳಿ ಕಳಿಸಿ ಎಲ್ಲಿಂದಲೋ ತರಿಸಿಕೊಟ್ಟರು. “ಹೆಣ್ಣು ಕೊಟ್ಟು ಪಿಸ್ತೂಲೂ ಕೊಟ್ಟ ಪುಣ್ಯಾತ್ಮ ನಮ್ಮಪ್ಪ ಒಬ್ರೇ ಕಣಪ್ಪ. ಎರಡ್ರಾಗೆ ಯಾವ್ದು ಮುಖ್ಯ ಅಂತ ನಿಮ್ಮ ಮಾವ ಇನ್ನೂ ಹೇಳಿಲ್ಲ” ಎಂದು ಅತ್ತೆ ನನ್ನ ಮುಂದೆ ಎಷ್ಟೋ ಸಲ ಆಡಿದ್ದುಂಟು. ಮಾವ ಆಗೆಲ್ಲ ಸೀಟಿಯನ್ನು ಅಂಗಿಯ ತುದಿಯಿಂದ ಒರೆಸುತ್ತಾ ಕೂರುತ್ತಿದ್ದ.

ಬೇರೆ ಶಾಲೆಗಳಲ್ಲಿ ಕ್ರೀಡಾದಿನಕ್ಕೆ ರಿಬ್ಬನ್ನು ಕತ್ತರಿಸುತ್ತಾರೆ, ಪಾರಿವಾಳ ಹಾರಿಸುತ್ತಾರೆ. ಕಲ್ಯಾಣದುರ್ಗದ ಬಿಸಿಲಿಗೆ ಪಾರಿವಾಳ ಹಾರಿಸಿದರೆ ಅದು ಒಂದು ಸುತ್ತು ಹಾಕಿ ಶಾಮಿಯಾನದ ನೆರಳಿಗೇ ವಾಪಸ್ಸು ಬರುತ್ತದೆ. ಹಾಗಾಗಿ ಮಾವನ ಶಾಲೆಯಲ್ಲಿ ಬೇರೆಯೇ ಕ್ರಮ. ಮೈದಾನದ ತುದಿಯಲ್ಲಿ, ಮಣ್ಣಿನ ದಿಬ್ಬಕ್ಕೆ ಒರಗಿಸಿ ಒಂದು ಕರಿಹಲಗೆ. ಅದರ ನಟ್ಟನಡುವೆ ಡ್ರಾಯಿಂಗ್ ಮೇಷ್ಟರು ಬರೆದ ಕಮಲ. ಕಮಲದ ನಡುವೆ ಒಂದು ದೊಡ್ಡ ಬಲೂನು, ಬಲೂನಿನ ತುಂಬ ಬಣ್ಣದ ಕಾಗದದ ಚೂರು. ಮಕ್ಕಳೆಲ್ಲ ಗೆರೆಯ ಹಿಂದೆ ಉಸಿರು ಹಿಡಿದು ನಿಂತಾಗ ಮಾವ ಹತ್ತು ಹೆಜ್ಜೆ ದೂರದಿಂದ ಒಂದೇ ಏಟಿಗೆ ಬಲೂನು ಒಡೆಯಬೇಕು, ಚೂರುಗಳು ಹಾರಬೇಕು, ಮಾವ ಸೀಟಿ ಊದಬೇಕು, ಆಗ ಓಟ ಶುರು. ಇಪ್ಪತ್ತೆಂಟು ವರ್ಷ ಮಾವ ಎರಡನೆಯ ಗುಂಡು ಮುಟ್ಟಿರಲಿಲ್ಲ.

ಆಮೇಲೆ ಅವನಿಗೆ ಚಾಳೀಸು ಬಂತು.

ಈ ಚಾಳೀಸು ಒಂದು ವಿಚಿತ್ರವಾದ ರೋಗ. ನಲವತ್ತಕ್ಕೆ ಬರುತ್ತದೆಂದು ಹೆಸರಿನಲ್ಲೇ ಒಪ್ಪಿಕೊಂಡರೂ ನಲವತ್ತಕ್ಕೆ ಬಂತೆಂದು ಯಾರೂ ಒಪ್ಪುವುದಿಲ್ಲ. ಮೊದಲು ಅಚ್ಚು ಸರಿಯಿಲ್ಲ ಎನ್ನುತ್ತೇವೆ, ಆಮೇಲೆ ಬಲ್ಬು ಸರಿಯಿಲ್ಲ, ಆಮೇಲೆ ಪತ್ರ ಬರೆದವನ ಕೈಬರಹ ಸರಿಯಿಲ್ಲ. ಓದುಬರಹದವರು ಹೀಗೆ ನಾಲ್ಕಾರು ವರ್ಷ ತಳ್ಳಬಹುದು. ಪಿಸ್ತೂಲು ಹಿಡಿದವನಿಗೆ ಆ ಸವಲತ್ತಿಲ್ಲ. ಪಿಸ್ತೂಲಿನ ಹಿಂಭಾಗದಲ್ಲಿ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಮೊಳೆ, ಅದರಾಚೆ ಬಲೂನು; ಈ ಮೂರನ್ನೂ ಒಂದೇ ಸಾಲಿಗೆ ತಂದು ನೋಡಬೇಕು. ಮೂರು ದೂರದ ಮೂರು ವಸ್ತುಗಳನ್ನು ಕಣ್ಣು ಒಟ್ಟಿಗೆ ನೋಡಲಾರದು. ಎಳೆಯ ಕಣ್ಣು ಒಂದರಿಂದ ಒಂದಕ್ಕೆ ಸರಸರ ಓಡಾಡಿ ಹೇಗೋ ಸಂಭಾಳಿಸುತ್ತದೆ. ಮಾವನ ಕಣ್ಣು ಓಡಾಟ ನಿಲ್ಲಿಸಿಬಿಟ್ಟಿತ್ತು. ಕನ್ನಡಕ ಹಾಕಿಕೊಂಡರೆ ಮೊಳೆ ಸ್ಪಷ್ಟ, ಬಲೂನು ಮಂಜು. ತೆಗೆದರೆ ಬಲೂನು ಸ್ಪಷ್ಟ, ಮೊಳೆಯ ಜಾಗದಲ್ಲಿ ಒಂದು ಹೊಗೆ.

ಹಿಂದಿನ ವರ್ಷದ ಕ್ರೀಡಾದಿನ ಮಾವ ಮೂರು ಗುಂಡು ಹೊಡೆದ. ಮೂರೂ ದಿಬ್ಬಕ್ಕೆ. ಕೊನೆಗೆ ಹೆಡ್‌ಮಾಸ್ಟರೇ ಎದ್ದು ಹೋಗಿ, ಎದೆಗೆ ಚುಚ್ಚಿಕೊಂಡಿದ್ದ ಬ್ಯಾಡ್ಜಿನ ಪಿನ್ನು ತೆಗೆದು ಬಲೂನಿಗೆ ಚುಚ್ಚಿದರು. ಮಕ್ಕಳು ಎಂದಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ಅವರು ನಕ್ಕಿದ್ದರೆ ಮಾವ ತಡೆದುಕೊಳ್ಳುತ್ತಿದ್ದ. ಆ ಕರುಣೆಯ ಚಪ್ಪಾಳೆ ಅವನಿಗೆ ನಾಟಿಬಿಟ್ಟಿತು. ಮನೆಗೆ ಬಂದು ಪಿಸ್ತೂಲನ್ನು ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದನಂತೆ. ಮುಂದಿನದು ಅವನ ಕೊನೆಯ ಕ್ರೀಡಾದಿನ, ಅದಾದ ಮೇಲೆ ನಿವೃತ್ತಿ. “ಈ ವರ್ಷ ರಿಬ್ಬನ್ನು ತರಿಸ್ರಿ ಸಾರ್” ಎಂದು ಮಾವ ಹೆಡ್‌ಮಾಸ್ಟರಿಗೆ ಹೇಳಿದ್ದಾನೆ ಎಂದು ಅತ್ತೆ ಕಾಗದದಲ್ಲಿ ಬರೆದಾಗ ನಾನು ಅದನ್ನು ಇನ್ನೊಮ್ಮೆ ಓದಿದೆ. ಅತ್ತೆಯ ಕಾಗದಗಳಲ್ಲಿ ಯಾವಾಗಲೂ ತಮಾಷೆ ಇರುತ್ತಿತ್ತು. ಅದರಲ್ಲಿ ಇರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ನನ್ನ ಷಡ್ಡಕ ಕುವೈತಿನಿಂದ ರಜಕ್ಕೆ ಬಂದ. ಎಂಬತ್ತರ ದಶಕದಲ್ಲಿ ನಮ್ಮ ಕಡೆಯಿಂದ ಕುವೈತಿಗೆ ಹೋದವರು ಬರುವಾಗ ಟೇಪ್ ರೆಕಾರ್ಡರು, ಸೆಂಟು, ಮೆತ್ತನೆಯ ಕಂಬಳಿ ತರುತ್ತಿದ್ದರು. ಇವನು ಇವೆಲ್ಲದರ ಜೊತೆಗೆ ಒಂದು ಗೇಣಿಗಿಂತ ಚಿಕ್ಕದಾದ ಕಪ್ಪು ಕೊಳವೆ ತಂದಿದ್ದ. ಅವನ ಯಜಮಾನ ಬೇಟೆಯ ಹುಚ್ಚಿನವನು. ಹೊಸದು ಬಂದಾಗ ಹಳೆಯದನ್ನು ಇವನಿಗೆ ಕೊಟ್ಟುಬಿಟ್ಟಿದ್ದ. ಷಡ್ಡಕ ಅದನ್ನು ದುರ್ಬೀನು ಎಂದೇ ತಿಳಿದಿದ್ದ. ನಾನು ಕಣ್ಣಿಟ್ಟು ನೋಡಿದೆ. ಎದುರು ಮನೆಯ ಕಿಟಕಿ ಹತ್ತಿರಕ್ಕೇನೂ ಬರಲಿಲ್ಲ. ಪಕ್ಕದಲ್ಲಿ ರೇಡಿಯೋದ ಕಿವಿಯಂಥ ಒಂದು ತಿರುಗಣೆ ಇತ್ತು, ತಿರುಗಿಸಿದೆ. ಕಿಟಕಿಯ ಮೇಲೆ ಒಂದು ಕೆಂಪು ಚುಕ್ಕೆ ಬಂದು ಕೂತಿತು.

ಕೊಳವೆಯೊಳಗೆ ಒಂದು ಪುಟ್ಟ ಕೆಂಪು ದೀಪ, ಅದರ ಬೆಳಕು ಮುಂದಿನ ಗಾಜಿಗೆ ತಾಗಿ ನಮ್ಮ ಕಣ್ಣಿಗೇ ಹಿಂತಿರುಗುತ್ತದೆ. ನೋಡುವವನಿಗೆ ಚುಕ್ಕೆ ದೂರದ ವಸ್ತುವಿನ ಮೇಲೆ ಕೂತಂತೆ ಕಾಣುತ್ತದೆ, ಉಳಿದವರಿಗೆ ಅಲ್ಲೇನೂ ಇಲ್ಲ. ಕಚ್ಚೂ ಬೇಡ, ಮೊಳೆಯೂ ಬೇಡ. ಬಲೂನನ್ನು ನೋಡು, ಚುಕ್ಕೆ ಅದರ ಮೇಲೆ ಬಂದಾಗ ಕುದುರೆ ಎಳೆ. ಚಾಳೀಸಿಗೆ ಇದಕ್ಕಿಂತ ಮದ್ದು ಉಂಟೇ?

ನಿಜ ಹೇಳಬೇಕೆಂದರೆ ಚುಕ್ಕೆಯ ವಿಷಯದಲ್ಲಿ ನಮ್ಮ ಜನ ಯಾರಿಗೂ ಕಡಿಮೆಯಿಲ್ಲ. ಬೆಳಗಾದರೆ ಬಾಗಿಲ ಮುಂದೆ ಚುಕ್ಕೆ ಇಟ್ಟು ಅವುಗಳ ಸುತ್ತ ಗೆರೆ ಎಳೆಯುತ್ತಾರೆ. ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು, ಲಗ್ನಪತ್ರಿಕೆಯ ಮೂಲೆಗೆ ಅರಿಶಿನದ ಬೊಟ್ಟು, ಹೊಸ ಬೀರುವಿಗೆ, ಹೊಲಿಗೆ ಯಂತ್ರಕ್ಕೆ, ಹೊಸ ಸ್ಕೂಟರಿಗೆ ಕುಂಕುಮದ ಬೊಟ್ಟು. ಆಯುಧಪೂಜೆಯ ದಿನ ಮಾವನ ಪಿಸ್ತೂಲಿಗೂ ಅತ್ತೆ ಬೊಟ್ಟಿಡುತ್ತಿದ್ದಳು. ಪಿಸ್ತೂಲಿಗೆ ಕೆಂಪು ಚುಕ್ಕೆ ಇಡುವ ವಿದ್ಯೆಯಲ್ಲಿ ನಮ್ಮತ್ತೆ ಪರದೇಶದವರಿಗಿಂತ ಎಷ್ಟೋ ಮುಂದಿದ್ದಳು. ಈ ಮಾತನ್ನು ನೆನಪಿನಲ್ಲಿಡಿ.

ಸಂಕ್ರಾಂತಿಗೆ ನಮ್ಮ ಮನೆಗೆ ಬಂದಾಗ ಮಾವ ಪಂಚೆಯ ಗಂಟನ್ನು ತಂದು ನನ್ನ ಮುಂದೆ ಇಟ್ಟ. ಅತ್ತೆಯ ಬಲವಂತಕ್ಕೆ ತಂದದ್ದು ಎಂಬುದು ಮುಖದಲ್ಲೇ ಗೊತ್ತಾಗುತ್ತಿತ್ತು. ಕೊಳವೆಯಲ್ಲಿ ಕಣ್ಣಿಟ್ಟು ಚುಕ್ಕೆ ನೋಡಿದ. ಅವನ ತುಟಿ ಸ್ವಲ್ಪ ಅರಳಿತು, ತಕ್ಷಣ ಮುಚ್ಚಿಕೊಂಡಿತು.

“ಹಾಕ್ಲಾ, ಬ್ಯಾಡ ಅನ್ನಾಕಿಲ್ಲ. ಆದ್ರೆ ಒಂದ್ ಮಾತು. ಪಿಸ್ತೂಲಿಗೆ ತೂತು ಕೊರೀಬಾರ್ದು, ಅರ ತಾಗಿಸ್ಬಾರ್ದು, ಒಂದು ಗೀರು ಬೀಳ್ಬಾರ್ದು. ಅದು ನಮ್ಮಾವ ಕೊಟ್ಟಿದ್ದು ಕಣ್ಲಾ.”

“ಆಗ್ಲಿ ಮಾವ” ಎಂದುಬಿಟ್ಟೆ. ಅವನು ಕೊಳವೆಯ ಕಿವಿಯನ್ನು ತಿರುಗಿಸಿ ಚುಕ್ಕೆ ಆರಿಸಿದ. ನಾನು ಆಮೇಲೆ ಇನ್ನೊಮ್ಮೆ ನೋಡಲು ಹಾಕಿ ಕೆಳಗಿಟ್ಟರೆ ಅವನು ಮತ್ತೆ ಆರಿಸಿದ. ಮಾವ ಎಂಥವನೆಂದರೆ, ಚೀಲದಲ್ಲಿ ಟಾರ್ಚಿನ ಗುಂಡಿ ತಾನಾಗಿ ಒತ್ತಿಕೊಂಡು ಸೆಲ್ಲು ದಂಡವಾದೀತೆಂದು ಒಂದು ಸೆಲ್ಲನ್ನು ತಿರುವುಮುರುವು ಹಾಕಿ ಇಡುವವನು. ಕತ್ತಲಲ್ಲಿ ಹಾವು ಕಂಡಾಗ ಮೊದಲು ಸೆಲ್ಲು ಸರಿಮಾಡಿ ಆಮೇಲೆ ಹಾವು ನೋಡುವ ಸ್ವಭಾವ. ಈ ಕೊಳವೆಯ ಗುಂಡಿಯಂಥ ಪುಟ್ಟ ಸೆಲ್ಲು ಹಿಂದೂಪುರದಲ್ಲೂ ಸಿಗುವುದಿಲ್ಲ, ಕಲ್ಯಾಣದುರ್ಗದಲ್ಲೂ ಸಿಗುವುದಿಲ್ಲ ಎಂದು ಷಡ್ಡಕ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು.

ಆಗ್ಲಿ ಎಂದಷ್ಟು ಸುಲಭವಾಗಿರಲಿಲ್ಲ ಕೆಲಸ. ಕೊಳವೆಯ ಕೆಳಗೆ ಎರಡು ಉಗುರಿನಂಥ ಹಿಡಿಕೆಗಳಿದ್ದವು. ಅವು ಕಚ್ಚಿಕೊಳ್ಳಲು ಪಿಸ್ತೂಲಿನ ಬೆನ್ನ ಮೇಲೆ ಎರಡು ತೋಡು ಇರಬೇಕಂತೆ. ಮಾವನ ಪಿಸ್ತೂಲಿನ ಬೆನ್ನು ಬದನೆಕಾಯಿಯಷ್ಟು ನುಣುಪು. ಲೇತ್ ಅಂಗಡಿಗೆ ಒಯ್ದೆ. ಅಂಗಡಿಯವನು ಕೊಳವೆಯನ್ನೂ ಪಿಸ್ತೂಲನ್ನೂ ತಿರುಗಿಸಿ ನೋಡಿ, “ರೆಂಡು ಹೋಲು, ರೆಂಡು ಸ್ಕ್ರೂ. ಐದು ನಿಮಿಷದ ಕೆಲ್ಸ ಸಾರ್” ಎಂದು ಡ್ರಿಲ್ಲು ಕೈಗೆತ್ತಿಕೊಂಡ. ನಾನು ಪಿಸ್ತೂಲನ್ನು ಎದೆಗವಚಿಕೊಂಡು ಹೊರಕ್ಕೆ ಬಂದೆ. ಸೈಕಲ್ ಅಂಗಡಿಯವನು ಹಳೇ ಟ್ಯೂಬು ಸೀಳಿ ಬಿಗಿಯಾಗಿ ಸುತ್ತಿಕೊಟ್ಟ. ಹಿತ್ತಿಲಿನಲ್ಲಿ ನಿಂತು ಪರೀಕ್ಷೆಗೆ ಹೊಡೆದೆ. ಸ್ಪ್ರಿಂಗಿನ ಒದೆತಕ್ಕೆ ಕೊಳವೆ ಟ್ಯೂಬಿನಿಂದ ಚಿಮ್ಮಿ ಹುಣಸೆಹಣ್ಣು ಬಿಡಿಸುತ್ತಿದ್ದ ನನ್ನ ಹೆಂಡತಿಯ ಮೊರದೊಳಗೆ ಬಿತ್ತು. ಅವಳು ತಲೆಯೆತ್ತದೆ, “ಬೀಜದ ಕಡೆ ಹಾಕ್ಲೋ, ಹಣ್ಣಿನ ಕಡೆ ಹಾಕ್ಲೋ?” ಎಂದು ಕೇಳಿದಳು.

ಮೊರದಿಂದ ಕೊಳವೆ ಎತ್ತಿಕೊಡುವಾಗ ಅವಳೇ ಹೇಳಿದ್ದು: “ತೂತು ಕೊರೀದೆ ಹಿಡ್ಕೊಳ್ಳೋದು ಅಂದ್ರೆ ಆಚಾರಿ ಹತ್ರ ಹೋಗ್ರಿ. ನನ್ನ ಓಲೆ ರಿಪೇರಿ ಮಾಡುವಾಗ ಅರಗಿನಾಗೆ ಕೂರ್ಸಿರ್ಲಿಲ್ವಾ?”

ಅಕ್ಕಸಾಲಿಗರ ಅರಗು ನೋಡಿದ್ದೀರಲ್ಲ? ಬಿಸಿ ಮಾಡಿದರೆ ಜೇಡಿಮಣ್ಣಿನಂತೆ ಮೆತ್ತಗಾಗುತ್ತದೆ, ಅದರಲ್ಲಿ ಒಡವೆ ಒತ್ತಿ ಕೂರಿಸಿ ಆರಲು ಬಿಟ್ಟರೆ ಕಲ್ಲಿನಂತೆ ಹಿಡಿಯುತ್ತದೆ. ಅದರ ಮೇಲೆ ಉಳಿ ಹೊಡೆದರೂ ಒಡವೆ ಅಲುಗದು. ಕೆಲಸ ಮುಗಿದ ಮೇಲೆ ಮತ್ತೆ ಬಿಸಿ ತೋರಿಸಿದರೆ ಒಂದು ಗೀರೂ ಇಲ್ಲದೆ ಬಿಟ್ಟುಕೊಡುತ್ತದೆ. ಇಷ್ಟು ಗಟ್ಟಿಯಾಗಿ ಹಿಡಿದು, ಇಷ್ಟು ಮರ್ಯಾದೆಯಿಂದ ಬಿಡುವ ಗುಣ ನನಗೆ ತಿಳಿದ ಮನುಷ್ಯರಲ್ಲಿ ಅಪರೂಪ. ನಮ್ಮ ಬೀದಿಯ ತುದಿಯ ಆಚಾರಿ ಎಪ್ಪತ್ತು ದಾಟಿದ ಮುದುಕ. ಪಿಸ್ತೂಲನ್ನು ಸೊಂಟದ ಡಾಬು ನೋಡುವ ಹಾಗೆ ನೋಡಿದ. “ಅರಗು ಹಿಡೀತದೆ. ಮೇಲೆ ಕಟ್ಟಾಕೆ ದಾರ ಏನೈತೆ?” ಎಂದ. ದಾರಕ್ಕೆ ನಾನು ಬೇರೆ ಕಡೆ ಹೋಗಬೇಕೇ? ಮಾರುಕಟ್ಟೆಗೆ ಬರುತ್ತಿದ್ದ ನೂಲು ಬಿಚ್ಚಾಣಿಕೆಯವರನ್ನು ಕೇಳಿ ಒಂದು ಲಡಿ ಹಸಿ ರೇಷ್ಮೆ ತಂದುಕೊಟ್ಟೆ. ಅರಗಿನ ಹಾಸಿಗೆಯ ಮೇಲೆ ಕೊಳವೆ ಕೂತಿತು, ಅದರ ಮೇಲೆ ರೇಷ್ಮೆ ಸುತ್ತು ಬಿತ್ತು. ಯಾವ ದೇಶದ ಪಿಸ್ತೂಲಿಗೂ ಅಂಥ ಮದುವಣಗಿತ್ತಿಯ ಅಲಂಕಾರ ಆಗಿರಲಾರದು.

ಗುರಿ ಹೊಂದಿಸಲು ಒಂದು ಭಾನುವಾರ ಪೂರ್ತಿ ಬೇಕಾಯಿತು. ಹಿತ್ತಿಲ ಮಣ್ಣುಗೋಡೆಗೆ ರಟ್ಟು ಚುಚ್ಚಿ ನಾನು ಹೊಡೆಯುವುದು, ಗುಂಡು ಎಲ್ಲಿ ಬಿತ್ತು ನೋಡುವುದು, ಆಚಾರಿ ಊದುಗೊಳವೆಯಿಂದ ಅರಗಿಗೆ ಒಂದಿಷ್ಟು ಬಿಸಿ ತೋರಿಸಿ ಹೆಬ್ಬೆರಳಿನಿಂದ ಕೊಳವೆಯನ್ನು ಒಂದು ಎಳ್ಳಿನಷ್ಟು ಸರಿಸುವುದು, ಆರಲು ಬಿಡುವುದು, ಮತ್ತೆ ಹೊಡೆಯುವುದು. ಆರನೆಯ ಸಲ ಚುಕ್ಕೆ ಎಲ್ಲಿತ್ತೋ ಗುಂಡು ಅಲ್ಲೇ ಬಿತ್ತು. ಜಿರಳೆಗೆ ಹೆದರುವವನು ನಾನು, ಹತ್ತು ಹೆಜ್ಜೆಯಿಂದ ರಟ್ಟಿನ ನಡುವಿಗೆ ಹೊಡೆದಿದ್ದೆ! ಹೆಂಡತಿಯನ್ನು ಕರೆದು ತೋರಿಸಿದೆ. ಆಚಾರಿ ಮಾತ್ರ ಎರಡೇ ಮಾತು ಹೇಳಿದ: “ಬಿಸಿಗೆ ಇಡಬ್ಯಾಡ ಕಣಪ್ಪ. ಬಿಸ್ಲಿಗೂ ಇಡಬ್ಯಾಡ.”

ಆ ಮಾತನ್ನು ನಾನು ಎಷ್ಟು ಶ್ರದ್ಧೆಯಿಂದ ಪಾಲಿಸಿದೆನೆಂದರೆ, ಫೆಬ್ರವರಿ ಕೊನೆಯ ಆ ದಿನ ಬಸ್ಸು ಹತ್ತುವಾಗ ಪಿಸ್ತೂಲನ್ನು ಪಂಚೆಯಲ್ಲಿ ಸುತ್ತಿ, ಚೀಲದಲ್ಲಿಟ್ಟು, ಮೇಲೆ ದಪ್ಪನೆಯ ಟವೆಲ್ಲು ಮುಚ್ಚಿದ್ದೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕಡಲೆಕಾಯಿ ಮೂಟೆ, ಕೋಳಿ, ಕಿಟಕಿಯಿಂದ ಬಿಸಿಲು. ಚೀಲವನ್ನು ತಲೆಯ ಮೇಲೆ ಎತ್ತಿ ಹಿಡಿದು ಒದ್ದಾಡುತ್ತಿದ್ದ ನನ್ನನ್ನು ಡ್ರೈವರು ಕನ್ನಡಿಯಲ್ಲಿ ನೋಡಿದ. “ಅದೇನು ಸಾರ್, ಒಡೆಯೋ ಸಾಮಾನಾ? ಇಕ್ಕಡ ಪೆಟ್ಟಂಡಿ, ಭದ್ರಂಗಾ ಉಂಟುಂದಿ” ಎಂದು ತನ್ನ ಎಡಗಡೆಯ ಬಾನೆಟ್ಟನ್ನು ತಟ್ಟಿದ. ನಾನು ಕೃತಜ್ಞತೆಯಿಂದ ಕರಗಿ ಚೀಲವನ್ನು ಅಲ್ಲಿಟ್ಟೆ. ಸೋಮಂದೇಪಲ್ಲಿ ಹತ್ತಿರ ಬಿಸಿಲು ಅದರ ಮೇಲೆ ಬಿದ್ದಾಗ ಕೈ ಚಾಚಿ ಟವೆಲ್ಲನ್ನು ಇನ್ನಷ್ಟು ಸರಿಯಾಗಿ ಹೊದಿಸಿದೆ.

ಬಾನೆಟ್ಟಿನ ಕೆಳಗೆ ಎಂಜಿನ್ನು ಇರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಮೂವತ್ತು ವರ್ಷದಿಂದ ಅದರ ಮೇಲೆ ಕೂತು, ಎರಡು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಿ ಪ್ರಯಾಣ ಮಾಡಿದವನು ನಾನು. ಆದರೆ ಕೆಲವು ವಿಷಯಗಳು ನಮ್ಮ ಪೃಷ್ಠಕ್ಕೆ ಗೊತ್ತಿರುತ್ತವೆ, ತಲೆಗೆ ಗೊತ್ತಿರುವುದಿಲ್ಲ. ಮೇಲಿನ ಬಿಸಿಲಿಗೆ ಹೊದಿಕೆ ಹೊದಿಸುತ್ತಾ ಕೆಳಗಿನಿಂದ ನಾಲ್ಕು ಗಂಟೆ ಕಾಲ ನಾನು ಆಚಾರಿಯ ಅರಗನ್ನು ಹದವಾಗಿ ಬೇಯಿಸಿದೆ.

ಕಲ್ಯಾಣದುರ್ಗ ಸೇರಿದಾಗ ಸಂಜೆಯಾಗಿತ್ತು. ಮಾವ ಬಾಗಿಲಲ್ಲೇ ಕಾದಿದ್ದ. ಪಂಚೆ ಬಿಚ್ಚಿ, ರೇಷ್ಮೆಯ ಸುತ್ತಿನ ಮೇಲೆ ಬೆರಳಾಡಿಸಿ, ಪಿಸ್ತೂಲಿನ ಮೈಯನ್ನು ದೀಪಕ್ಕೆ ಹಿಡಿದು ಗೀರು ಹುಡುಕಿದ. ಇರಲಿಲ್ಲ. “ಭೇಷ್ ಕಣ್ಲಾ” ಎಂದ. ಅತ್ತೆ ಆ ಸಂಜೆ ಹೋಳಿಗೆ ಮಾಡಿದಳು. ಹೋಳಿಗೆಯ ಮೇಲೆ ತುಪ್ಪ ಬಿದ್ದಾಗ ಯಾರು ತಾನೇ ಗುರಿ ಪರೀಕ್ಷೆ ಮಾಡುತ್ತಾರೆ?

ಮಾರನೆಯ ದಿನ, ಸಮಾರಂಭಕ್ಕೆ ಇನ್ನೊಂದು ಗಂಟೆ ಇರುವಾಗ, ನಾವು ಮೂವರೂ ಶಾಲೆಯ ಹಿಂದಿದ್ದ ಇನ್ನೊಂದು ದಿಬ್ಬಕ್ಕೆ ಹೋದೆವು. ಒಂದು ರಟ್ಟನ್ನು ನಿಲ್ಲಿಸಿ ಅದರ ನಡುವೆ ಇದ್ದಿಲಿನಿಂದ ಗುರುತು ಹಾಕಿದೆ. ಮಾವ ಕನ್ನಡಕ ತೆಗೆದು ಜೇಬಿಗಿಟ್ಟ. ಚುಕ್ಕೆ ಹಾಕಿದ. ಕೈ ಚಾಚಿದ. ಟಪ್.

ಗುರುತಿನ ಮೇಲೆ ಏನೂ ಇಲ್ಲ. ಎಡಕ್ಕೆ ಒಂದು ಗೇಣು, ಕೆಳಕ್ಕೆ ನಾಲ್ಕು ಬೆರಳು, ಅಲ್ಲೊಂದು ತೂತು.

ನಾನು ಓಡಿ ಬಂದು ಪಿಸ್ತೂಲು ತೆಗೆದುಕೊಂಡು ನೋಡಿದೆ. ಅರಗು ಒಂದು ಪಕ್ಕಕ್ಕೆ ಹೊಟ್ಟೆ ಬಿಟ್ಟಿತ್ತು. ರೇಷ್ಮೆ ಬಿಟ್ಟುಕೊಟ್ಟಿರಲಿಲ್ಲ, ಆದರೆ ಅದರೊಳಗೇ ಕೊಳವೆ ಸುಖವಾಗಿ ವಾಲಿಕೊಂಡು, ಮತ್ತೆ ಕಲ್ಲಾಗಿತ್ತು. ಬಾನೆಟ್ಟು, ಡ್ರೈವರಿನ ದಯೆ, ನನ್ನ ಟವೆಲ್ಲು ಎಲ್ಲವೂ ಒಂದೇ ಸಲಕ್ಕೆ ಅರ್ಥವಾಗಿ ಕಿವಿ ಬಿಸಿಯಾಯಿತು. ಸರಿಪಡಿಸಲು ಆಚಾರಿಯ ಹೆಬ್ಬೆರಳು ಬೇಕು, ಅದು ಹಿಂದೂಪುರದಲ್ಲಿತ್ತು. ಮಾವನ ಇಪ್ಪತ್ತೆಂಟು ವರ್ಷದ ಮರ್ಯಾದೆಯನ್ನು ಉಳಿಸುತ್ತೇನೆಂದು ಹೊರಟವನು ಅದರ ಕೊನೆಯ ದಿನವನ್ನೂ ಕೆಡಿಸಿದೆನಲ್ಲ ಎಂದು ಅಳು ಬರುವಂತಾಯಿತು. “ಮಾವ, ತಪ್ಪಾಗೋಯ್ತು” ಎಂದು ಎಲ್ಲವನ್ನೂ ಒದರಿದೆ.

ಮಾವ ಇನ್ನೆರಡು ಗುಂಡು ಹೊಡೆದ. ರಟ್ಟಿನ ಹತ್ತಿರ ಹೋಗಿ, ಕನ್ನಡಕ ಏರಿಸಿ, ಬಗ್ಗಿ ನೋಡಿದ. ಅಲ್ಲಿಂದಲೇ ಕೂಗಿದ:

“ಮೂರೂ ಒಂದೇ ತಾವ ಬಿದ್ದಾವೆ ಕಣ್ಲಾ! ಎಂಟಾಣೆ ಇಟ್ರೆ ಮುಚ್ಚೋಯ್ತದೆ!”

ತಪ್ಪು ಬಿದ್ದದ್ದಕ್ಕೆ ಇಷ್ಟು ಸಂತೋಷವೇ ಎಂದು ನಾನು ಬಾಯಿ ಬಿಟ್ಟುಕೊಂಡು ನಿಂತೆ. “ಹೋದ ವರ್ಷ ಒಂದು ಅತ್ಲಾಗೆ, ಒಂದು ಇತ್ಲಾಗೆ, ಒಂದು ಮ್ಯಾಲಕ್ಕೆ ಹೋಗಿತ್ತು. ಆವಾಗ ನನ್ನ ಕೈಯೇ ಹೋಯ್ತು ಅನ್ಕಂಡಿದ್ದೆ. ಕೈಗೆ ಏನೂ ಆಗಿಲ್ಲ ಕಣ್ಲಾ” ಎಂದ. ಒಂದು ವರ್ಷದಿಂದ ಅವನನ್ನು ಕೊರೆಯುತ್ತಿದ್ದದ್ದು ಕಣ್ಣಿನ ಚಿಂತೆಯಲ್ಲ, ಕೈಯ ಚಿಂತೆ ಎಂದು ನನಗೆ ಆಗ ತಿಳಿಯಿತು. ಒಂದೇ ಥರ ತಪ್ಪುವವನನ್ನು ನಂಬಿ ಸಂಸಾರ ಮಾಡಬಹುದು; ದಿನಕ್ಕೊಂದು ಥರ ತಪ್ಪುವವನ ಜೊತೆಯೇ ಕಷ್ಟ.

“ಸರಿ, ಗುಂಡು ಹೋಗೋ ಕಡೀಕೆ ಬಲೂನ್ ಕಟ್ರಿ” ಎಂದಳು ಅತ್ತೆ. ಅದು ಆಗುವ ಮಾತಲ್ಲ. ಡ್ರಾಯಿಂಗ್ ಮೇಷ್ಟರ ಕಮಲ ನಡುವೆ ಅರಳಿ, ಬಲೂನು ಅದರ ಮೇಲೆ ಆಗಲೇ ಕೂತಿತ್ತು. “ಹಂಗಾರೆ ಬಲೂನಿಂದ ಬಲಕ್ಕೆ ಗೇಣು, ಮ್ಯಾಲಕ್ಕೆ ನಾಲ್ಕು ಬೆಳ್ಳು, ಅಲ್ಲಿ ನೋಡಿ ಹೊಡೀರಿ.” ಆದೀತು, ಆದರೆ ಅಲ್ಲಿ ಬರೀ ಕಪ್ಪು ಹಲಗೆ. ಏನನ್ನು ನೋಡುವುದು?

ಅತ್ತೆ ಕೈಚೀಲದಿಂದ ಅಂಗೈಯಗಲದ ಕನ್ನಡಿ ತೆಗೆದಳು. ನಮ್ಮ ಹೆಂಗಸರ ಕನ್ನಡಿಗಳೆಲ್ಲ ನಿಮಗೆ ಗೊತ್ತೇ ಇವೆ. ಮುಖ ನೋಡಿಕೊಳ್ಳುವ ಜಾಗಕ್ಕಿಂತ ಬೊಟ್ಟು ಅಂಟಿಸಿದ ಜಾಗ ಹೆಚ್ಚು. ಕನ್ನಡಿಯ ಹಿಂದೆ ಅಂಟಿಸಿದ್ದರಲ್ಲಿ ಕಾಸಿನಗಲದ ಒಂದು ಅಚ್ಚಗೆಂಪು ಬೊಟ್ಟನ್ನು ಕಿತ್ತು, ಮೈದಾನಕ್ಕೆ ಹೋಗಿ, ಬಲೂನು ನೋಡಲು ಬಂದವಳಂತೆ ಹಲಗೆಯ ಹತ್ತಿರ ಸುಳಿದು, ಗೇಣು ಹಾಕಿ ನಾಲ್ಕು ಬೆರಳೆಣಿಸಿ ಬೊಟ್ಟನ್ನು ಒತ್ತಿ ಬಂದಳು. ಹೆಡ್‌ಮಾಸ್ಟರು ಕೇಳಿದ್ದಕ್ಕೆ ದೃಷ್ಟಿ ಆಗದಿರಲಿ ಅಂತ ಎಂದಳಂತೆ. ಅವರು ಒಪ್ಪಿದರಂತೆ.

ಮಕ್ಕಳೆಲ್ಲ ಗೆರೆಯ ಹಿಂದೆ ನಿಂತರು. ಹೆಡ್‌ಮಾಸ್ಟರು “ಕಾನೀಯಂಡಿ ಮಾಸ್ಟಾರು” ಎಂದು ಅಪ್ಪಣೆ ಕೊಟ್ಟರು. ಅವರ ಬೆರಳುಗಳು ಮಾತ್ರ ಬ್ಯಾಡ್ಜಿನ ಪಿನ್ನಿನ ಮೇಲೆ ಆಡುತ್ತಿದ್ದುದನ್ನು ನಾನು ನೋಡಿದೆ. ಮಾವ ಹತ್ತು ಹೆಜ್ಜೆ ಎಣಿಸಿ ನಿಂತ. ನಳಿಗೆ ಬಗ್ಗಿಸಿದ, ಗುಂಡು ಇಟ್ಟ, ಕೈ ಚಾಚಿದ. ನನ್ನ ಪಕ್ಕದಲ್ಲಿ ಅತ್ತೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿದ್ದಳು. ನಾನು ಕಣ್ಣು ಮುಚ್ಚಿದೆ.

ಟಪ್. ಢಬ್.

ಕಣ್ಣು ಬಿಟ್ಟಾಗ ಗಾಳಿಯ ತುಂಬ ಬಣ್ಣದ ಚೂರು. ಮಕ್ಕಳ ಕೂಗಿಗೆ ಶಾಮಿಯಾನವೇ ಅಲ್ಲಾಡಿತು. ಮಾವ ಸೀಟಿಯನ್ನು ಬಾಯಿಗಿಟ್ಟುಕೊಂಡ, ಆದರೆ ಊದಲು ಉಸಿರು ಸಾಲದೆ ಎರಡು ಸಲ ತಡವರಿಸಿದ. ಮೂರನೆಯ ಸಲ ಊದಿದ ಸೀಟಿ ನಿಜವಾಗಿಯೂ ಊರ ಬಸ್ ನಿಲ್ದಾಣದವರೆಗೂ ಕೇಳಿಸಿರಬೇಕು. ನಾನು ಯಾವ ಲಜ್ಜೆಯೂ ಇಲ್ಲದೆ ಅತ್ತೆಯ ಕೈ ಹಿಡಿದು ಕುಣಿದೆ.

ಸಂಜೆ ಮನೆಯಲ್ಲಿ ಒಲೆಯ ಕಾವಿಗೆ ಪಿಸ್ತೂಲನ್ನು ದೂರದಿಂದ ಹಿಡಿದೆ. ರೇಷ್ಮೆ ಬಿಚ್ಚಿದೆ. ಅರಗು ಮೆತ್ತಗಾಗಿ, ತನ್ನ ಗುಣಕ್ಕೆ ತಕ್ಕಂತೆ ಕೊಳವೆಯನ್ನು ಮರ್ಯಾದೆಯಿಂದ ಬಿಟ್ಟುಕೊಟ್ಟಿತು. ಉಳಿದದ್ದು ಆರಿದ ಮೇಲೆ ಉಗುರಿಗೆ ಉದುರಿತು. ಪಿಸ್ತೂಲಿನ ಮೇಲೆ ಒಂದು ಗೀರಿಲ್ಲ. ಹೆಮ್ಮೆಯಿಂದ ಕೊಳವೆಯನ್ನು ಡಬ್ಬಿಗೆ ಹಾಕಲು ಹೋದವನು, ಚುಕ್ಕೆ ಆರಿಸೋಣವೆಂದು ಕಿವಿ ತಿರುಗಿಸಿದೆ. ಅದು ತಿರುಗಲಿಲ್ಲ. ಆಗಲೇ ಆರಿಸಿಯಾಗಿತ್ತು.

“ಮಾವ, ಹೊಡೆದಾದ್ಮೇಲೆ ಆರಿಸ್ದ್ಯಾ ಇದನ್ನ?”

“ಇಲ್ಲ ಕಣ್ಲಾ. ಸ್ಕೂಲಿನ ಹಿಂದೆ ಮೂರು ಹೊಡೆದ್ನಲ್ಲ, ಆವಾಗ್ಲೇ ಆರಿಸ್ದೆ. ಒಂದು ಗಂಟೆ ಸುಮ್ಕೆ ಯಾಕೆ ಸೆಲ್ಲು ಉರೀಬೇಕು?”

“ಆಮ್ಯಾಕೆ ಮತ್ತೆ ಹಾಕಿದ್ಯಾ?”

ಮಾವ ಯೋಚಿಸಿದ. ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ. “ಹಾಕ್ಲಿಲ್ಲ ಅನ್ಸುತ್ತೆ” ಎಂದ. ಆಮೇಲೆ ಸ್ವಲ್ಪ ಜಗಳಕ್ಕೆ ಬಂದವನಂತೆ, “ಆದ್ರೆ ಕೆಂಪು ಚುಕ್ಕೆ ಕಾಣಿಸ್ತಿತ್ತಲ್ಲೋ! ಕೊಳವೆ ನಟ್ಟನಡುವೆ, ಎಷ್ಟು ಚೆನ್ನಾಗಿ ಕಾಣಿಸ್ತಿತ್ತು!” ಎಂದ.

ಮೊದಲು ನಕ್ಕವಳು ಅತ್ತೆ. ನಕ್ಕು ನಕ್ಕು ಗೋಡೆಗೆ ಒರಗಿದಳು. ಮಾವನಿಗೆ ಅರ್ಥವಾದದ್ದು ಆಮೇಲೆ. ಅವನ ಮುಖ ಮದುಮಗನಂತೆ ಕೆಂಪಾಯಿತು. ಕುವೈತಿನ ದೀಪ ಆರಿಹೋಗಿತ್ತು, ಆಚಾರಿಯ ಅರಗು ವಾಲಿತ್ತು, ನನ್ನ ಒಂದೂವರೆ ತಿಂಗಳ ಸಾಹಸವೆಲ್ಲ ಒಂದು ಖಾಲಿ ಕೊಳವೆಯಾಗಿ ಮಾತ್ರ ಉಳಿದಿತ್ತು. ಅದರೊಳಗೆ ಅವನು ನೋಡಿ ಗುರಿಯಿಟ್ಟದ್ದು ಅತ್ತೆಯ ಬೊಟ್ಟನ್ನು. ನನಗೆ ನಾಚಿಕೆಯಾಗಬೇಕಿತ್ತು, ಯಾಕೋ ಅಷ್ಟು ಸಂತೋಷ ನನಗೆ ಆಮೇಲೆ ಹೆಚ್ಚು ಸಲ ಆಗಿಲ್ಲ.

“ಈವತ್ತಾದ್ರೂ ಹೇಳ್ರೀ,” ಎಂದಳು ಅತ್ತೆ, ಕಣ್ಣೊರೆಸಿಕೊಳ್ಳುತ್ತಾ. “ನಮ್ಮಪ್ಪ ಕೊಟ್ಟ ಎರಡ್ರಾಗೆ ಯಾವ್ದು ಮುಖ್ಯ?”

ಮಾವ ಈ ಸಲ ಸೀಟಿ ಒರೆಸುತ್ತಾ ಕೂರಲಿಲ್ಲ. ಎದ್ದು, ಪಿಸ್ತೂಲನ್ನು ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ ಬಂದ. ಅತ್ತೆ ಹಲಗೆಯಿಂದ ಮರೆಯದೆ ಕಿತ್ತು ತಂದಿದ್ದ ಬೊಟ್ಟು ಇನ್ನೂ ಅವಳ ಹೆಬ್ಬೆರಳಿನ ಮೇಲಿತ್ತು. ಮಾವ ಅದನ್ನು ಮೆಲ್ಲಗೆ ಬಿಡಿಸಿಕೊಂಡು, ಕನ್ನಡಕ ಏರಿಸಿ, ತಾನೇ ಕನ್ನಡಿಯ ಹಿಂದೆ ಅದರ ಜಾಗದಲ್ಲಿ ಅಂಟಿಸಿದ. ಆಮೇಲೆ ಕೊಳವೆಯ ಡಬ್ಬಿಯನ್ನು ನನ್ನ ಕೈಗಿಟ್ಟು, “ನಿನ್ನ ಷಡ್ಡಕಂಗೆ ಹೇಳ್ಲಾ, ಸೆಲ್ಲು ಹೆಚ್ಗೆ ಉರಿಸಿಲ್ಲ ಅಂತ” ಎಂದ.